ನೆಂಟರಲ್ಲದ ಒಬ್ಬರು

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯ ಲಾಂಡ್ರಿಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕ ತಂಗಿ ಕೂತಿದ್ದರು. ಅಕ್ಕ ಡ್ರೀಮಾಳ ಮಡಿಲಲ್ಲಿ ಅವಳ ಮಗಳ ಕೂಸು ಮಲಗಿತ್ತು.

“ಮೊಮ್ಮಗೂನ ಸಾಕೋ ಲೈಸೆನ್ಸ್ ಬಂತಾ ಅಕ್ಕ?”

“ಎಲ್ಲಿ ಬಂತು. ಸ್ವಂತ ಅಜ್ಜಿಗೂ ಸರ್ಕಾರದ ಲೈಸೆನ್ಸ್ ಬೇಕಂತೆ. ಬೆರಳಚ್ಚು ಕೊಟ್ಟಾಯ್ತು, ಬಾವಿ ನೀರೂ ಪರೀಕ್ಷೆ ಮಾಡಿಸಾಯ್ತು. ಈಗ ನಾನು ಒಳ್ಳೆಯವಳು ಅಂತ ಮೂರು ಜನ ಬರ್ದುಕೊಡ್ಬೇಕಂತೆ. ಡಾಕ್ಟರು, ಟೀಚರು ಕೊಟ್ರು. ಇನ್ನೊಬ್ರು ಬೇಕು.”

“ನಾನು ಬರೀತೀನಿ ಬಿಡು.”

“ನೆಂಟರು ಬರೀಬಾರದಂತೆ.”

“ಪಾದ್ರಿನ ಕೇಳು.”

“ಚಿಕ್ಕಪ್ಪನ ಅಳಿಯ ಅಲ್ವೇನೆ ಅವನು.”

“ಅಂಗಡಿ ಓಪಲ್?”

“ನಿನ್ನ ನಾದಿನಿ ಅವಳು. ಮರ್ತೇಬಿಟ್ಯಾ?”

“ಮರೆಯೋಕೆ ಎಲ್ಲಿ ಬಿಡ್ತಾಳೆ. ಮತ್ತೆ ಯಾರ್ನ ಕೇಳ್ತೀಯ?”

“ಓಹಿಯೋ ಕಡೆಯಿಂದ ಬಂದಿದಾನಲ್ಲ, ಆ ಪೊಲೀಸಿನವನ್ನ ಕೇಳಿದೆ. ಇಲ್ಲಿ ಅವನಿಗೆ ನೆಂಟರೇ ಇಲ್ಲ. ಬರೀತೀನಿ ಅಂದ.”

ತಂಗಿ ಅಕ್ಕನ ಕಡೆ ತಿರುಗಿ ಕೂತಳು.

“ನಿನ್ನ ಮಗಳನ್ನ ಹಿಡ್ಕೊಂಡು ಹೋದವನು?”

“ಅವನೇ. ಆವತ್ತು ಬಾಗಿಲು ತಟ್ಟಿ ಈ ಮಗೂನ ನನ್ನ ಕೈಗೆ ಕೊಟ್ಟವನೂ ಅವನೇ. ಆಗ ಲೈಸೆನ್ಸ್ ಇದೆಯಾ ಅಂತ ಕೇಳಲಿಲ್ಲ.”

ಬಟ್ಟೆ ಒಗೆಯುವ ಯಂತ್ರ ನಿಂತಿತು. ತಂಗಿ ಬಟ್ಟೆಯನ್ನು ಬುಟ್ಟಿಗೆ ತುಂಬಿ ಎತ್ತಿಕೊಂಡಳು. ಡ್ರೀಮಾ ಮಗುವನ್ನು ಎಚ್ಚರವಾಗದ ಹಾಗೆ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಡೆದಳು.