ಚಾಲಕರು ಮಹಡಿ ಹತ್ತಿದ ಸಂಜೆ

ಸಂಜೆ ಹೊತ್ತು ಊರು ತೋರಿಸುವ ಮಹಡಿ ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದೆವು. ನನ್ನ ಮುಂದಿದ್ದವರು ಅದೇ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿ, ಹೋದ ವಾರವಷ್ಟೇ ನಿವೃತ್ತರಾದ ಚಾಲಕರು. ಜೊತೆಗೆ ಅವರ ಹೆಂಡತಿ.

“ಕೆಳಗೇ ಕೂತ್ಕೊಳ್ಳೋಣ ಕಣೇ, ಡ್ರೈವರ್ ಹಿಂದೆ. ಹೊಸಬ ಅವನು, ತಿರುವಿನಲ್ಲಿ ಒಂದು ಕಣ್ಣಿಟ್ಟಿರ್ತೀನಿ.”

“ಅವನ ಬಸ್ಸು, ಅವನ ಪಾಡು. ನೀವು ನಿದ್ದೇಲೂ ಬ್ರೇಕ್ ಒತ್ತೋರು, ನನ್ನ ಮೊಣಕಾಲೇ ಪೆಡಲ್ಲು!”

“ಮೇಲೇನಿದೆ? ಗೈಡ್ ಹೇಳೋದೆಲ್ಲ ನಂಗೆ ಬಾಯಿಪಾಠ. ಬಲಕ್ಕೆ ನೋಡಿ, ಗಡಿಯಾರದ ಗೋಪುರ. ಎಡಕ್ಕೆ ನೋಡಿ, ಹಳೇ ಗ್ರಂಥಾಲಯ.”

“ನೀವು ಯಾವತ್ತಾದ್ರೂ ನೋಡಿದ್ರಾ?”

“ನಾನು ಬಲಕ್ಕೆ ನೋಡಿದ್ರೆ ಅಷ್ಟು ಜನ ಏನಾಗ್ಬೇಕೇ? ದೇವರು ದೊಡ್ಡವನು, ಬಸ್ಸಿಗೆ ಒಂದು ಗೀರೂ ಬೀಳಲಿಲ್ಲ.”

“ಅದಕ್ಕೇ ಹೇಳ್ತಿರೋದು. ಇವತ್ತಾದ್ರೂ ಆ ಕಣ್ಣು ಆಚೀಚೆ ಹೊರಳಲಿ.”

ಚಾಲಕರು ದನಿ ತಗ್ಗಿಸಿದರು.

“ಸೇತುವೆ ಏರಿದ ಕೂಡ್ಲೇ ಮೇಲಿನವರೆಲ್ಲ ಒಟ್ಟಿಗೆ ‘ಅಬ್ಬಾ!’ ಅಂತಾರೆ ಕಣೇ, ದಿನಾ. ಏನು ಕಂಡು ಅಂತಾರೋ, ಇವತ್ತಿಗೂ ಗೊತ್ತಿಲ್ಲ.”

“ಯಾರನ್ನಾದ್ರೂ ಕೇಳ್ಬಾರದಿತ್ತಾ?”

“ಬಸ್ಸು ಓಡಿಸೋನೇ ಕೇಳಿದ್ರೆ ನಗಲ್ವಾ?”

ಬಾಗಿಲು ತೆರೆಯಿತು. ಅವರು ಹೆಂಡತಿಗಿಂತ ಮೊದಲೇ ನುಗ್ಗಿ, ಎರಡೆರಡು ಮೆಟ್ಟಿಲು ದಾಟುತ್ತ ಮೇಲೆ ಹೋದರು.

“ನಿಧಾನ ರೀ! ಸೇತುವೆ ಎಲ್ಲೂ ಓಡಿಹೋಗಲ್ಲ!” ಎಂದು ನಗುತ್ತ ಆಕೆಯೂ ಹತ್ತಿದರು.