ಸುಬೇದಾರನ ದೇವಡಿಯ ಐದು ಕಮಾನುಗಳು

ಈ ಮಾತನ್ನು ನನಗೆ ಮೊದಲು ಹೇಳಿದವಳು ಸೂಗಮ್ಮ ವೈನಿ, ನಮ್ಮ ದೊಡ್ಡಪ್ಪನ ಮಗ ಕಾಶಪ್ಪಣ್ಣನ ಹೆಂಡತಿ. ಒಂದು ರಾತ್ರಿ ಕುರಕುಂಟಾದ ನಮ್ಮ ಪಡಸಾಲೆಯಲ್ಲಿ, ಕರೆಂಟು ಹೋಗಿ, ಮಕ್ಕಳು ಮಲಗಿದ ಮೇಲೆ ಹೇಳಿದಳು. ದನಿ ಎತ್ತದೆ ಹೇಳಿದಳು. ನಾನು ನಂಬಲಿಲ್ಲ. ಮರುವರ್ಷ ಅಣ್ಣನನ್ನೇ ಕೇಳಿದೆ.  ಅವನು ಹಣೆಯ ವಿಭೂತಿ ಮುಟ್ಟಿಕೊಂಡು, "ಆಕಿ ಹೇಳಿದ್ದು ಖರೆ ಅದ. ಅರ್ಧಾ ಬಿಟ್ಟಾಳ" ಅಂದ. ಉಳಿದ ಅರ್ಧ ಅವನೇ ಹೇಳಿದ. ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಕೊನೆಯದೊಂದು ಮಾತ್ರ ನಾನೇ ಕಂಡದ್ದು.

ಕಾಶಪ್ಪಣ್ಣ ಚಂದಾಪುರದಲ್ಲಿ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬರೆಯುತ್ತಿದ್ದ. ನಿಜಾಮರ ಕಾಲದಲ್ಲಿ ಉರ್ದು ಸಾಲೆ ಕಲಿತವನು. ಹಳೆಯ ಕಾಗದ ಯಾರ ಪೆಟ್ಟಿಗೆಯಿಂದ ಹೊರಬಿದ್ದರೂ ಓದಿಸಲು ಅವನ ಹತ್ತಿರವೇ ಬರಬೇಕು. ಎಲ್ಲರೂ ಅವನನ್ನು ಮುಂಶೀಜಿ ಎಂದೇ ಕರೆಯುತ್ತಿದ್ದರು. ಅವನಿಗೆ ಮಕ್ಕಳಿರಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿ. ಚಂದಾಪುರದಿಂದ ಚಿಂಚೋಳಿಯ ತನ್ನ ಮನೆಗೆ ಅಣ್ಣ ನಡೆದು ಬರುವ ಕಾಲುದಾರಿಯಲ್ಲಿ ಒಂದು ಹಳೆಯ ದೇವಡಿ ಇತ್ತು. ನಿಜಾಮರ ಕೆಳಗೆ ಒಂದು ಇಡೀ ಪ್ರಾಂತ ಆಳಿದ ಸುಬೇದಾರ ಕಟ್ಟಿಸಿದ ಮನೆ. ಅವನ ಹೆಸರು ಇಲ್ಲಿ ಬೇಡ, ಜನ ದೊಡ್ಡ ಸುಬೇದಾರ ಎನ್ನುತ್ತಿದ್ದರು. ಮಾಳಿಗೆ ಬಿದ್ದಿತ್ತು, ಶಹಾಬಾದ ಕಲ್ಲಿನ ಗೋಡೆ ಗಟ್ಟಿಯಾಗಿತ್ತು. ಮುಂದಿನ ಒಂದು ಕೋಣೆಯಲ್ಲಿ ಅಮೀರ್ಬೀ ಎಂಬ ಮುದುಕಿ ಎರಡು ಆಡು ಕಟ್ಟಿಕೊಂಡು, ಕೌದಿ ಹೊಲಿದುಕೊಂಡು ಇದ್ದಳು.

ಆ ವರ್ಷ ಕಚೇರಿಯಿಂದ ನೋಟೀಸು ಬಂತು. ಸುಬೇದಾರನ ವಾರಸುದಾರರು ಯಾರಿದ್ದೀರಿ, ಶಜರಾ ತಂದು ಹಾಜರು ಮಾಡಿರಿ, ಅದರ ಪ್ರಕಾರ ದೇವಡಿ ಸೇರತಕ್ಕದ್ದು ಎಂದು. ಶಜರಾ ಎಂದರೆ ವಂಶದ ಗಿಡ. ಮೇಲೆ ಮೂಲಪುರುಷ, ಕೆಳಗೆ ಮಕ್ಕಳು, ಮೊಮ್ಮಕ್ಕಳು. ಯಾರಿಗೆ ಸಂತಾನವಿಲ್ಲವೋ ಅವರ ಹೆಸರಿನ ಮುಂದೆ 'ಲಾವಲ್ದ' ಎಂದು ಬರೆಯುವುದು ರೂಢಿ. ಆ ಶಬ್ದ ಬಿದ್ದ ಮೇಲೆ ಅದರ ಕೆಳಗೆ ಗೆರೆ ಎಳೆಯುವಂತಿಲ್ಲ. ಕೊಂಬೆ ಅಲ್ಲಿಗೆ ಮುಗಿಯಿತು.

ವಾಡಿಯಿಂದ ಗುಲಾಮ ದಸ್ತಗೀರ ಬಂದ. ಸುಬೇದಾರನ ಹಿರಿಯ ಮಗನ ಮೊಮ್ಮಗ. ದೇವಡಿ ಕೆಡವಿ ಕಲ್ಲು ಮಾರುವ ವಿಚಾರ ಅವನದು. ಶಜರಾ ಬರೆಸಲು ಕಾಶಪ್ಪಣ್ಣನ ಎದುರು ಕುಳಿತ.

"ಕಿರಿಯ ಮಗನಿಗೆ ಒಬ್ಬಾಕಿ ಮಗಳು, ಸೈದಾನಬಿ. ಸತ್ತು ಅರವತ್ತು ವರ್ಷ ಆತು. ಲಾವಲ್ದ. ಬರೀರಿ, ಮುಂಶೀಜಿ."

"ಅಮೀರ್ಬೀ ಆಕಿ ಮಗಳು ಅಂತಾರಲ್ರಿ?"

"ಯಾರಂತಾರ? ಆಡಿನ ಹಾಲು ಕೊಳ್ಳೋ ಮಂದಿ ಅಂತಾರ! ಕುದುರಿ ನೋಡೋ ಆಳಿನ ಮಗಳು ಅದು. ನಿಕಾ ಆಗಿದ್ದರ ಕಾಗದ ಎಲ್ಲದ? ಮಕ್ಕಳು ಮರಿ ವಿಷಯ ನಿಮಗೇನ್ ಗೊತ್ತಾಗ್ತದರಿ, ಬಿಡ್ರಿ. ಬರೀರಿ."

ಆ ಮಾತು ಅಣ್ಣನಿಗೆ ಚುಚ್ಚಿತು. ವಾದ ಮಾಡಲು ಮನಸ್ಸಾಗಲಿಲ್ಲ. ಕೈ ತಾನೇ ಬರೆದುಬಿಟ್ಟಿತು... ಸೈದಾನಬಿ, ಲಾವಲ್ದ. ಇನ್ನು ಆಕೆ ಸತ್ತ ತಾರೀಖು ಒಂದು ಬೇಕಿತ್ತು. ಅದು ದೇವಡಿಯ ಹಿಂದಿನ ಅಂಗಳದಲ್ಲಿ, ಗೋರಿಯ ಕಲ್ಲಿನ ಮೇಲೆ ಇದೆ ಎಂದು ದಸ್ತಗೀರ ಹೇಳಿದ. ನಾಳೆಯೇ ಹಾಜರಿ.

ಎಳ್ಳಮಾಸಿ ಆಗಿ ಎರಡು ದಿನ. ಥಂಡಿ. ಅಣ್ಣ ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಕತ್ತಲು ಬಿದ್ದಿತ್ತು. ದಾರಿಯಲ್ಲಿ ಯಾರೂ ಇಲ್ಲ. ಎರಡೂ ಕಡೆ ಬಿಳಿಜೋಳ ಎದೆಯುದ್ದ ನಿಂತು, ಗಾಳಿಗೆ ಸರ... ಸರ... ಎನ್ನುತ್ತಿತ್ತು. ದೇವಡಿಯ ಗೋಡೆಯ ಪಕ್ಕ ಬರುವಾಗ ಆಚೆಯಿಂದ ಬಾವಿಯ ಗಡಗಡಿ ತಿರುಗಿದ ಸದ್ದು ಕೇಳಿತು. ಕಿರ್ರ್... ಕಿರ್ರ್... ಮುದುಕಿ ನೀರು ಸೇದುತ್ತಾಳೆ ಎಂದುಕೊಂಡ.

ಆದರೆ ಅಮೀರ್ಬೀ ಮುಂಬಾಗಿಲಲ್ಲೇ ಇದ್ದಳು. ಆಡಿನ ಮುಂದೆ ಸೊಪ್ಪು ಹಾಕುತ್ತಿದ್ದಳು.

"ಬರ್ರಿ ಮುಂಶೀಜಿ, ಕುಂದ್ರಿ. ಚಹಾ ಮಾಡ್ತೀನಿ."

"ಬ್ಯಾಡವ್ವ. ಗೋರಿ ಮ್ಯಾಲಿನ ತಾರೀಖು ಬರಕೊಂಡು ಹೋಗ್ತೀನಿ. ನೀರು ಸೇದಾಕ ಯಾರ ಹೋಗ್ಯಾರ?"

"ನೀರೆಲ್ಲಿದು? ಆ ಬಾವಿಗಿ ಕಲ್ಲು ತುಂಬಿ ನನ್ನ ಮದಿವಿಕಿಂತ ಹಿಂದ ಮುಚ್ಯಾರ." ನಕ್ಕಳು. ಹಲ್ಲಿರಲಿಲ್ಲ. "ಮುಂಶೀಜಿ, ನನಗ ಓದಾಕ ಬರಂಗಿಲ್ಲ ಅಂತ ಹ್ಯಾಂಗ ಬೇಕು ಹಾಂಗ ಬರೀಬ್ಯಾಡ್ರಿ ಮತ್ತ! ನನ್ನ ಹೆಸರು ದುಂಡಗ ಬರೀರಿ. ಈ ಕ್ವಾಣಿ ಹೋದ್ರ ಈ ಆಡಿನ ಜೋಡಿ ನಾನೂ ಹೊಲದಾಗ ಮೇಯಬೇಕು."

 ಬರೆದ ಕಾಗದ ಅಣ್ಣನ ಬಗಲಿನ ಚೀಲದಲ್ಲೇ ಇತ್ತು.

ಆಕೆ ಕಂದೀಲಿಗೆ ಎಣ್ಣೆ ತುಂಬಿ, ಗಾಜು ಒರೆಸಿ ಕೈಗೆ ಕೊಟ್ಟಳು. "ನನ್ನ ಮೊಳಕಾಲು ನೋಯಾಕತ್ತಾವ. ನೀವಽ ಹೋಗ್ರಿ. ಐದು ಕಮಾನು ಅವ, ಯಾವುದ್ರಾಗ ಹೋದ್ರೂ ಅಂಗಳ. ಅಮ್ಮಿ ಗೋರಿ ಬಾವಿ ಮಗ್ಗಲದಾಗ ಅದ."

ಅಣ್ಣ ಕಮಾನು ದಾಟುವಾಗ ಊರ ಮಸೀದಿಯಲ್ಲಿ ರಾತ್ರಿಯ ಬಾಂಗು ಶುರುವಾಯಿತು. ಹಿಂದೆ ಅಮೀರ್ಬೀ ಆಡಿಗೆ, "ಹೇ, ಹಗ್ಗಾ ತಿನಬ್ಯಾಡ" ಎಂದಳು. ಇದನ್ನು ನೆನಪಿಡಿ.

ಅಂಗಳದ ಸುತ್ತ ಎರಡಾಳೆತ್ತರದ ಗೋಡೆ. ನಡುವೆ ನಾಲ್ಕು ಗೋರಿ. ಕೊನೆಯದು ಸಣ್ಣದು. ಕಲ್ಲಿನ ಮೇಲಿನ ಹಾವಸೆ ಒರೆಸಿ, ತಾರೀಖು ಓದಿ, ಸೀಸದ ಕಡ್ಡಿಯಿಂದ ಅಂಗೈ ಮೇಲೆ ಬರೆದುಕೊಂಡ. ಹೊರಳಿ ನೋಡಿದ.

ಕಮಾನು ನಾಲ್ಕಿದ್ದವು.

ಮುದುಕಿ ಎಣಿಕೆ ತಪ್ಪಿದಳು ಎಂದುಕೊಂಡು ಒಂದರಲ್ಲಿ ಹೊಕ್ಕ. ಆಚೆ ಪಡಸಾಲೆ ಇರಬೇಕಿತ್ತು... ಇರಲಿಲ್ಲ. ಅದೇ ಅಂಗಳ. ಎಡಕ್ಕೆ ಅದೇ ಬಾವಿ. ಅದೇ ನಾಲ್ಕು ಗೋರಿ. ಹೊರಳಿ ನೋಡಿದರೆ ಕಮಾನು ಮೂರು.

ಓಡಿದ. ಮತ್ತೆ ಅಂಗಳ. ಎರಡು.

ಮತ್ತೆ ಓಡಿದ. ಒಂದು.

ಆ ಒಂದರ ಮುಂದೆ ನಿಂತು ಕಾಲು ಇಡಲು ಧೈರ್ಯವಾಗಲಿಲ್ಲವಂತೆ. ನಿಂತೇ ಇದ್ದರೂ ಆಗುವಂತಿರಲಿಲ್ಲ. ಕಣ್ಣು ಮುಚ್ಚಿ ದಾಟಿದ. ತೆಗೆದಾಗ ಮತ್ತೆ ಅಂಗಳ, ನಾಲ್ಕೂ ಕಡೆ ಗೋಡೆ. ಕೈ ಆಡಿಸಿದ. ಕಲ್ಲಿಗೆ ಕಲ್ಲು ಕೂಡಿದ ಸಂದು ಕೂಡ ಬೆರಳಿಗೆ ಸಿಗಲಿಲ್ಲ. ಕಲ್ಲು ಬೆಚ್ಚಗಿತ್ತು. ಅಂಥ ಥಂಡಿಯಲ್ಲಿ ಕಲ್ಲು ಬೆಚ್ಚಗಿತ್ತು.

"ಅಮೀರ್ಬೀ! ಏ ಅಮೀರ್ಬೀ!"

ಗೋಡೆಯ ಆಚೆಯಿಂದ ಆಕೆಯ ದನಿ ಸ್ಪಷ್ಟವಾಗಿ ಬಂತು. "ಹೇ, ಹಗ್ಗಾ ತಿನಬ್ಯಾಡ." ಸ್ವಲ್ಪ ಹೊತ್ತಿಗೆ ಮತ್ತೆ, ಅದೇ ರಾಗ, "ಹೇ, ಹಗ್ಗಾ ತಿನಬ್ಯಾಡ." ಮತ್ತೆ... ಬಾಂಗು ಕೂಡ ಮುಂದೆ ಸರಿದಿರಲಿಲ್ಲ. ಮೊದಲ ಶಬ್ದದ ಎಳೆದ ದನಿ ಹಾಗೇ ನಿಂತಿತ್ತು, ಕಿವಿಯಲ್ಲಿ ದುಂಬಿ ಹೊಕ್ಕ ಹಾಗೆ, ಝುಂ... ಎಂದು, ಮುಗಿಯದೆ.

ಅಣ್ಣ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಶರಣಬಸಪ್ಪನ ನಾಮ ಹಿಡಿದ. ನೂರೆಂಟು ಆಯಿತು, ಇನ್ನೂ ನೂರೆಂಟು ಆಯಿತು. ಏನೂ ಕದಲಲಿಲ್ಲ. "ಬಾಯಿ ನಾಮ ನುಡೀತಿತ್ತು, ತಮ್ಮಾ. ಕೈ ನೋಡಿದ್ರ ಅದರ ತುಂಬ ಮಸಿ" ಎಂದು ನನಗೆ ಹೇಳಿದ. ಎಷ್ಟು ಹೊತ್ತು ಕುಳಿತಿದ್ದನೋ ಅವನಿಗೇ ತಿಳಿಯದು. ಹಸಿವಾಗಿ, ಹಸಿವು ಹೋಗಿ, ಬಾಯಿ ಒಣಗಿ, ನಾಲಗೆ ಅಂಗುಳಕ್ಕೆ ಅಂಟಿತು. ಬೆಳಗಾಗಲೇ ಇಲ್ಲ.

ಆಗ ಗಡಗಡಿ ತಿರುಗಿತು. ಕಿರ್ರ್... ಕಿರ್ರ್...

ಕಲ್ಲು ತುಂಬಿದ ಬಾವಿಯ ದಂಡೆಯ ಮೇಲೆ ಒಬ್ಬಾಕೆ ಬೆನ್ನು ಮಾಡಿ ನಿಂತಿದ್ದಳು. ತಲೆ ತುಂಬ ಬಿಳಿ ಸೆರಗು. ಹಗ್ಗ ಎಳೆಯುತ್ತಿದ್ದಳು. ಕೈಬಳೆ ಗಡಗಡಿಯ ಕಟ್ಟಿಗೆಗೆ ತಾಗಿ ಟಿಣ್... ಟಿಣ್... ಎನ್ನುತ್ತಿತ್ತು. ಆಕೆ ಆಡಿದ್ದು ಉರ್ದುವಿನಲ್ಲಿ. ಅಣ್ಣ ನಮ್ಮ ಮಾತಿನಲ್ಲಿ ಹೇಳಿದ.

"ಮುಂಶೀಜಿ... ನನ್ನ ಹೆಸರಿನ ಮುಂದ ಏನ ಬರದೀರಿ?"

"ಛಂದ ಬರದೀನವ್ವ..."

"ಓದ್ರಿ."

ಕಾಗದ ತೆಗೆದ. ಕಂದೀಲಿನ ಬೆಳಕಿಗೆ ಹಿಡಿದ. ಸುಬೇದಾರನ ಹೆಸರು ಓದಿದ, ಇಬ್ಬರು ಮಕ್ಕಳ ಹೆಸರು ಓದಿದ. "ಸೈದಾನಬಿ..." ಎಂದು ನಿಲ್ಲಿಸಿದ.

"ಮುಂದ?"

ಅಣ್ಣ ಕಾಗದ ಮಡಿಚಲು ನೋಡಿದ.

"ಮುಂದ?"

"...ಲಾವಲ್ದ."

ಗಡಗಡಿ ನಿಂತಿತು. ಬಳೆ ನಿಂತಿತು. ಆಕೆ ಪಿಸುಗುಟ್ಟಿದಳು. "ನನ್ನ ಕೂಸು ಅಳೂದು ಕೇಳ್ಕೋತ ಪ್ರಾಣ ಬಿಟ್ಟೀನಿ ನಾ."

 ಅಣ್ಣ ಬರೆಯುವ ಲೆಕ್ಕಣಿಕೆ ತೆಗೆದ. ದವತಿ ತೆಗೆದ. ಶಾಯಿ ಒಣಗಿ ತಳಕ್ಕೆ ಹತ್ತಿತ್ತು. ಚೀಲದಲ್ಲಿ ಶಾಯಿ ಗುಳಿಗೆ ಇತ್ತು, ನೀರಿರಲಿಲ್ಲ. ಉಗುಳಲು ನೋಡಿದ, ಬಾಯಲ್ಲಿ ಹನಿ ಇಲ್ಲ.

"ನೀರಿಲ್ಲವ್ವ..." ಎಂದ. ಅಷ್ಟೊತ್ತಿಗೆ ಅಳುತ್ತಿದ್ದನಂತೆ.

ತಟ್ ಎಂದು ಅವನ ಮಗ್ಗುಲಲ್ಲಿ ಒಂದು ಬೊಗುಣಿ ಇಟ್ಟ ಸದ್ದು. ಅದರ ತುಂಬ ನೀರು. ತಲೆ ಎತ್ತಿ ನೋಡಲಿಲ್ಲ. ಹನಿ ಬಿಟ್ಟು ಗುಳಿಗೆ ಕಲಸಿದ. ಲಾವಲ್ದ ಎಂಬುದನ್ನು ಹೊಡೆದುಹಾಕಿದ. ಕೆಳಗೆ ಗೆರೆ ಎಳೆದ. ದುಂಡಗಿನ ಅಕ್ಷರದಲ್ಲಿ ಬರೆದ... ಅಮೀರ್ಬೀ, ಸೈದಾನಬಿಯ ಮಗಳು.

ಕಂದೀಲು ಆರಿತು. ಝುಂ ಎನ್ನುತ್ತಿದ್ದ ದನಿ ಬಿಚ್ಚಿಕೊಂಡು ಬಾಂಗು ಮುಂದಿನ ಶಬ್ದಕ್ಕೆ ಹೋಯಿತು.

ನಕ್ಷತ್ರದ ಬೆಳಕಿಗೆ ಐದೂ ಕಮಾನು ಕಂಡವು. ಹೇಗೆ ದಾಟಿದನೋ. ಅಮೀರ್ಬೀ ಇನ್ನೂ ಆಡಿನ ಹಗ್ಗ ಬಿಡಿಸುತ್ತಲೇ ಇದ್ದಳು.

"ಯಾಕ್ರಿ, ಈಗ ಹೋದವರು ಈಗ ಬಂದ್ರಿ? ಕತ್ತಲಿಗಿ ಹೆದರಿದ್ರೇನು?" ಎಂದು ನಗುತ್ತಾ ಕಂದೀಲು ಇಸಿದುಕೊಂಡಳು. ಅಲ್ಲಾಡಿಸಿ ನೋಡಿ ನಗು ನಿಲ್ಲಿಸಿದಳು. "ಮುಂಶೀಜಿ... ಎಣ್ಣಿ ಏನ ಮಾಡಿದ್ರಿ? ಎರಡ ರಾತ್ರಿ ಉರೀತದಲ್ರಿ ಇದು."

ಮನೆಗೆ ಬಂದ ಅಣ್ಣ ಒಂದೇ ಸಲಕ್ಕೆ ಎರಡು ತಂಬಿಗೆ ನೀರು ಕುಡಿದ. ಮೂರು ದಿನ ಉಪವಾಸ ಇದ್ದವನ ಹಾಗೆ ರೊಟ್ಟಿ ತಿಂದ. ಸೂಗಮ್ಮ ವೈನಿ ಕೇಳಿದ್ದಕ್ಕೆ ಅಂಗೈ ತೋರಿಸಿದ. ತಾರೀಖು ಇತ್ತು. ಗಲ್ಲದ ಮೇಲೆ ಎರಡು ಮೂರು ದಿನದ ಗಡ್ಡ ಬೆಳೆದಿತ್ತು. ಅವತ್ತು ಬೆಳಿಗ್ಗೆ ಹಡಪದ ಮನೆಗೆ ಬಂದು ಕ್ಷೌರ ಮಾಡಿ ಹೋಗಿದ್ದ, ವೈನಿಯೇ ಬಿಸಿನೀರು ಕೊಟ್ಟಿದ್ದಳು.

ಮರುದಿನ ಕಚೇರಿಯಲ್ಲಿ ದಸ್ತಗೀರ ಶಜರಾ ನೋಡಿ ಕಿಡಿಕಿಡಿಯಾದ. "ಏನ ಮಾಡೀರಿ ಇದು? ಮುದುಕಿ ಆಡಿನ ಹಾಲು ಕುಡಿಸ್ಯಾಳೇನು?"

"ಗೊತ್ತಿಲ್ದ ಬರದಿದ್ದೆ. ಗೊತ್ತಾತು, ತಿದ್ದೀನಿ."

"ಯಾರು ಹೇಳಿದ್ರು?"

ಅಣ್ಣ ಕಾಗದವನ್ನು ಕಚೇರಿಯ ಸಾಹೇಬರ ಮುಂದೆ ಇಟ್ಟ. ಸಾಹೇಬರು ಸಾಕ್ಷಿ ಯಾರು ಎಂದು ಕೇಳಿದರು.  ಅಮೀರ್ಬೀ ಸೆರಗಿನ ತುದಿ ತಿರುವುತ್ತಾ ನಿಂತಿದ್ದಳು. ಆಗ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ ಹಾಜಿಮಲಂಗ್ ಎದ್ದ. ಗೋರಿ ತೋಡುವ ಮುದುಕ, ಎಂಬತ್ತರ ಮೇಲಿನವನು. ಸೈದಾನಬಿಯ ನಿಕಾ ಆದ ದಿನ ಸಕ್ಕರೆ ತಿಂದವನು ನಾನು, ಹೆರಿಗೆಯ ರಾತ್ರಿ ಸೂಲಗಿತ್ತಿಯನ್ನು ಕರೆತಂದವನೂ ನಾನು, ತಾಯಿಯ ಗೋರಿ ತೋಡಿದವನೂ ನಾನೇ ಎಂದು ಕೈ ಎತ್ತಿ ಹೇಳಿದ.

"ಅರವತ್ತು ವರ್ಷ ಯಾಕ ಹೇಳಲಿಲ್ಲ, ಅಜ್ಜಾ?"

"ಯಾರೂ ಕೇಳಲಿಲ್ರಿ, ಸಾಹೇಬ."

ಸಾಹೇಬರು ಶಜರಾ ಮಂಜೂರು ಮಾಡಿದರು. ಅಮೀರ್ಬೀ ಆ ಕೋಣೆಯಲ್ಲೇ ಇನ್ನೂ ಒಂಬತ್ತು ವರ್ಷ ಇದ್ದು, ಅಲ್ಲೇ ಕಣ್ಣು ಮುಚ್ಚಿದಳು. ತಾಯಿಯ ಮಗ್ಗುಲಲ್ಲಿ ಮಣ್ಣು ಕೊಟ್ಟರು.

ಇನ್ನು ನಾನು ಕಂಡದ್ದು. ಹೋದ ವರ್ಷ ನಮ್ಮ ಹೊಲದ ನಕಲಿಗೆಂದು ಚಂದಾಪುರಕ್ಕೆ ಹೋದಾಗ, ಹಳೆಯ ಕಾಗದ ಇಡುವ ಗುಮಾಸ್ತ ಪರಿಚಯದವರಾದ್ದರಿಂದ ಆ ಶಜರಾ ತೆಗೆದು ತೋರಿಸಿದರು. ಹಾಳೆ ಹಳದಿಯಾಗಿದೆ, ಅಣ್ಣನ ಬರಹ ಮಾಸಿ ತುಕ್ಕಿನ ಬಣ್ಣಕ್ಕೆ ಬಂದಿದೆ. ಅದರ ಮೇಲೆ ಮಸಿ ಹೀರುವ ಕಾಗದದ ತುಂಡೊಂದು ಇತ್ತು. ಇದೇಕೆ ಎಂದೆ. "ಇಡಲಿಲ್ಲಾಂದ್ರ ಮ್ಯಾಲಿನ ಹಾಳಿಗಿ ಹತ್ತತದರಿ" ಎಂದು ಅವರು ಬೇರೆ ಕಡತ ಹುಡುಕಲು ಹೋದರು. ನಾನು ತುಂಡು ಎತ್ತಿದೆ. ಒಂದೇ ಸಾಲು ಕಪ್ಪಗಿತ್ತು. ಅಮೀರ್ಬೀ, ಸೈದಾನಬಿಯ ಮಗಳು. ಬೆರಳು ಇಟ್ಟೆ.

ಹಸಿಯಾಗಿತ್ತು. ಹದಿಮೂರು ವರ್ಷದ ಮೇಲೆ. ಬೆರಳು ಕಪ್ಪಾಯಿತು. ದೇವರ ಮುಂದೆ ನಿಂತು ಹೇಳುತ್ತೇನೆ, ಇದು ನಡೆದದ್ದು.

ಕಾಶಪ್ಪಣ್ಣ ಈಗಿಲ್ಲ. ವೈನಿಯೂ ಇಲ್ಲ. ನಮ್ಮ ಮನೆತನದ ಶಜರಾ ಯಾರಾದರೂ ಬರೆದರೆ ಅವನ ಹೆಸರಿನ ಮುಂದೆ ಯಾವ ಶಬ್ದ ಬೀಳುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಕೇಳಿಕೊಳ್ಳುತ್ತೇನೆ. ಇದನ್ನು ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಹೇಳುವಾಗ ಅವನ ಹೆಸರು ಬಿಡಬೇಡಿರಿ.