ಅಪ್ಪನ ಬೋಗಿಗೆ ಚಿಕ್ಕಪ್ಪನ ಕೊಂಡಿ

ಶ್... ಉಸಿರು ಬಿಡಬೇಡ ಚಿಕ್ಕಪ್ಪಾ! ಕೊಂಡಿಯ ಆ ಸ್ಪ್ರಿಂಗು ಸಾಸಿವೆಗಿಂತ ಸಣ್ಣದು. ನೀನು ಒಂದು ಸಲ ಸೀನಿದ್ರೆ ಪಕ್ಕದ ಬೀದೀಲಿ ಹುಡುಕಬೇಕಾಗುತ್ತೆ. ಹೋದ ಸಲ ಏನಾಯ್ತು ಮರೆತ್ಯಾ? ಮನೆಮಂದಿಯೆಲ್ಲ ಅಂಬೆಗಾಲಲ್ಲಿ ಹುಡುಕಿದ್ದೇ ಹುಡುಕಿದ್ದು, ಕೊನೆಗೆ ಸಿಕ್ಕಿದ್ದು ಚಿಕ್ಕಮ್ಮನ ಜಡೇಲಿ! ಪಾಪ, ಅದನ್ನ ತಲೇಲಿ ಹೊತ್ಕೊಂಡೇ ಪೇಟೆಗೆಲ್ಲ ಹೋಗಿ ಬಂದಿದ್ರು... ಏಯ್, ನಗಬೇಡ! ನಗೋದೂ ಗಾಳೀನೇ!

ಹಾಂ... ಹಾಗೇ... ಒತ್ತು... ಕೂತ್ಕೊಳ್ತು! ಈಗ ಉಸಿರಾಡು.

ಏನು? ಹೌದಪ್ಪಾ, ಅಪ್ಪನ ಪುಟ್ಟ ರೈಲಿನ ಬೋಗಿಯೇ. ಕೆಳಗಿನ ಮನೆಯಿಂದ್ಲೇ ತಂದೆ. ಕದ್ದು? ಛೀ ಛೀ! ನಾನು ಯಾವತ್ತಾದ್ರೂ ಕದ್ದಿದ್ದೀನಾ... ಸರಿ, ಆ ಪ್ರಶ್ನೆ ಬೇಡ. ಇವತ್ತು ಕದ್ದಿಲ್ಲ. ಅಪ್ಪನೇ ಕಳಿಸಿದ್ರು ಅಂತ ಬಾಗಿಲಲ್ಲೇ ಹೇಳಿದ್ನಲ್ಲ! ನಾಳೆ ಲಾರಿ ಬರುತ್ತೆ, ನೀನು ಗಂಟುಮೂಟೆ ಕಟ್ಕೊಂಡು ಊರಾಚೆ ಬಾಡಿಗೆ ಮನೆಗೆ ಹೋಗ್ತೀಯ. ಹೋಗೋ ಮುಂಚೆ ಒಂದೇ ಒಂದು ಸಲ ನಿನ್ನ ಬೋಗಿಗಳೂ ಅವರ ಬೋಗಿಗಳೂ ಒಂದೇ ರೈಲಾಗಿ ಓಡ್ಲಿ ಅಂತ ಅವರಿಗೆ ಆಸೆ. ಅದಕ್ಕೇ ಈ ಒಂದು ಬೋಗಿ. ಒಂದು ತುದೀಲಿ ನಿನ್ನ ಕೊಂಡಿ, ಇನ್ನೊಂದು ತುದೀಲಿ ಅಪ್ಪನ ಕೊಕ್ಕೆ. ಮಧ್ಯೆ ಸಿಕ್ಕಿಸಿದ್ರೆ ಮುಗೀತು!

ನಂಬಿಕೆ ಬರ್ತಿಲ್ವಾ? ನಂಗೂ ಬರ್ಲಿಲ್ಲ... ಅಂದ್ರೆ, ಮೊದಲು ಬರ್ಲಿಲ್ಲ. ಆಮೇಲೆ ಬಂತು. ಸ್ಕ್ರೂ ತಗೋ, ಸ್ಕ್ರೂ. ಎಡಗೈ ಹತ್ರಾನೇ ಇದೆ ನೋಡು.

ನಿಂಗೊತ್ತಾ, ಬೀದೀಲಿ ಜನ ನನ್ನನ್ನ ಹಿಡಿದು ನಿಲ್ಲಿಸಿ ಕೇಳ್ತಾರೆ. ‘ಯಾಕೋ, ನಿಮ್ಮಪ್ಪ ಚಿಕ್ಕಪ್ಪ ಮಾತು ಬಿಟ್ರಂತೆ? ಆಸ್ತಿ ಜಗಳಾನಾ?’ ಅಂತ. ನಾನೇನು ಹೇಳ್ಲಿ? ‘ಇಲ್ಲ ರೀ, ಆಟದ ರೈಲಿನ ಕೊಕ್ಕೆ ಎಷ್ಟು ದಪ್ಪ ಇರಬೇಕು ಅಂತ ಜಗಳ’ ಅನ್ನೋದಾ? ಆಸ್ತಿ ಅಂತಲೇ ಹೇಳಿಬಿಟ್ಟಿದ್ದೀನಿ. ಮನೆ ಮರ್ಯಾದೆ ಉಳೀಬೇಕಲ್ಲ!

ಆಯ್ತು ಆಯ್ತು, ಆಟದ ರೈಲಲ್ಲ. ಮಾದರಿ ರೈಲು. ಕೊಂಡಿ ಅಲ್ಲ, ಸ್ಕೇಲ್ ಕಪ್ಲರ್. ತಪ್ಪಾಯ್ತು ಗುರುಗಳೇ.

ಅಲ್ಲಾ, ನೀನು ಹೇಳೋದೂ ಸರೀನೇ. ಅಪ್ಪನ ಆ ಹಳೇ ಕೊಕ್ಕೆ ನೋಡಿದ್ರೆ ರೈಲಿಗೆ ಹಾಕಿದ್ದೋ ಮೀನು ಹಿಡಿಯೋಕೆ ಇಟ್ಟಿದ್ದೋ ಗೊತ್ತಾಗಲ್ಲ. ಎರಡು ಬೋಗಿ ಮಧ್ಯೆ ಅಷ್ಟಗಲ ಜಾಗ! ಒಳಗೆ ಅಂಟಿಸಿರೋ ಆ ಟೋಪಿ ಮುದುಕ ಪಕ್ಕದ ಬೋಗಿಗೆ ಹೋಗಬೇಕಂದ್ರೆ ಓಡಿಬಂದು ಹಾರಬೇಕು. ನಿನ್ನ ಕೊಂಡಿ... ಕಪ್ಲರು, ಕಪ್ಲರು... ನಿಜವಾದ ರೈಲಿಂದೇ ಹಿಂಡಿ ಚಿಕ್ಕದು ಮಾಡಿದ ಹಾಗಿದೆ. ಬೋಗಿಗಳು ಹೊಸದಾಗಿ ಮದುವೆಯಾದವರ ಹಾಗೆ ಅಂಟ್ಕೊಂಡು ಹೋಗ್ತವೆ.

ತಿರುವಿನವರೆಗೆ.

ಕೋಪ ಯಾಕೆ? ತಿರುವಲ್ಲಿ ಮೂಲೆಗೆ ಮೂಲೆ ತಗುಲಿ ದಬದಬ ಅಂತ ಬೀಳಲ್ವಾ? ಅವತ್ತು ಬಿದ್ದಾಗ ಅಪ್ಪ ಚಪ್ಪಾಳೆ ತಟ್ಟಿದ್ದು ತಪ್ಪು, ಒಪ್ತೀನಿ. ಅದಕ್ಕೆ ನೀನು ‘ನಿನ್ನ ರೈಲು ಹಾಲು ಕುಡಿಯೋ ಮಕ್ಕಳಿಗೆ’ ಅಂದಿದ್ದೂ... ಅಷ್ಟು ವಯಸ್ಸಾದ ಅಣ್ಣನಿಗೆ ಅನ್ನೋ ಮಾತಾ ಅದು? ಅಲ್ಲಿಂದ ಶುರುವಾಯ್ತು ನನ್ನ ಪೋಸ್ಟ್‌ಮ್ಯಾನ್ ಕೆಲಸ. ‘ನಿಮ್ಮ ಚಿಕ್ಕಪ್ಪನಿಗೆ ಹೇಳು, ನೀರಿನ ಮೋಟಾರು ಆರಿಸೋಕೆ.’ ‘ನಿಮ್ಮಪ್ಪನಿಗೆ ಹೇಳು, ಆರಿಸಿ ಆಗ್ಲೇ ಹೊತ್ತಾಯ್ತು ಅಂತ.’ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತಿರ್ತೀರ! ನಾನು ಮಧ್ಯೆ ನಿಂತು ಕತ್ತು ಆ ಕಡೆ, ಈ ಕಡೆ. ಫ್ಯಾನ್ ಕೂಡ ಇಷ್ಟು ತಿರುಗಲ್ಲ.

ಆ ಇಂಜಿನ್ ಪಾಡು ಇನ್ನೂ ಚೆಂದ. ಇರೋದೊಂದೇ ಇಂಜಿನ್. ಮೂತಿಗೆ ನಿನ್ನ ಕಪ್ಲರು, ಬೆನ್ನಿಗೆ ಅಪ್ಪನ ಕೊಕ್ಕೆ. ಬೆಳಿಗ್ಗೆ ಅವರು ಓಡಿಸುವಾಗ ಮುಂದೆ ಓಡುತ್ತೆ, ಸಂಜೆ ನೀನು ಓಡಿಸುವಾಗ ಹಿಂದಕ್ಕೆ ಓಡುತ್ತೆ. ಅದಕ್ಕೂ ಬುದ್ಧಿ ಭ್ರಮಣೆ ಆಗಿರ್ಬೇಕು.

ಏನು ನೋಡ್ತಿದ್ದೀಯ? ಆ ತುದೀನಾ? ಹೂಂ, ಹಳೇ ಕೊಕ್ಕೆ ಕತ್ತರಿಸಿದ್ದು ಸ್ವಲ್ಪ ಒರಟಾಗಿದೆ. ಇಲಿ ಕಡಿದ ಹಾಗಿದ್ಯಾ? ಅಪ್ಪನೇ ಕತ್ತರಿಸಿದ್ದು. ಇಕ್ಕಳದಲ್ಲಿ. ಕೈ ನಡುಗ್ತು ಅನ್ಸುತ್ತೆ... ಅಯ್ಯೋ, ಇಲ್ಲ ಇಲ್ಲ, ಗಾಬರಿ ಆಗಬೇಡ! ಏನೂ ಕಾಯಿಲೆ ಇಲ್ಲ. ಗುಂಡುಕಲ್ಲಿನ ಹಾಗಿದ್ದಾರೆ. ಕೂತ್ಕೋ. ಡಾಕ್ಟರ್ ಗೀಕ್ಟರ್ ಯಾರೂ ಬೇಡ. ಮನಸ್ಸು ಕರಗಿತ್ತು, ಅದಕ್ಕೇ ಕೈ ನಡುಗ್ತು. ಕಣ್ಣಲ್ಲಿ ನೀರೂ ಇತ್ತು. ಈ ಕಣ್ಣಲ್ಲೂ, ಆ ಕಣ್ಣಲ್ಲೂ.

ನಾನ್ಯಾಕೆ ಸುಳ್ಳು ಹೇಳ್ಲಿ? ಬೋಗೀನ ನನ್ನ ಕೈಗಿಟ್ಟು ಹೀಗೆ ತಲೆ ಸವರಿ ಅಂದ್ರು, ‘ಮಗೂ, ನಮ್ಮ ತಮ್ಮನ ಸ್ಕೇಲ್ ಕಪ್ಲರೇ ಚೆಂದ ಕಣೋ. ನಾನೇ ಸೋತೆ ಅಂತ ಹೇಳು.’

ಸ್ಕ್ರೂ ತಿರುಗಿಸು ಚಿಕ್ಕಪ್ಪ... ಯಾಕೆ ನಿಲ್ಲಿಸ್ದೆ?

ಯಾಕೆ ಹಾಗೆ ನೋಡ್ತೀಯ? ಏನಂದೆ ನಾನು? ಸೋತೆ ಅಂದ್ರು ಅಂದೆ. ಚೆಂದ ಅಂದ್ರು ಅಂದೆ. ಸ್ಕೇಲ್...

ಥತ್.

ಅಪ್ಪ ಅದನ್ನ ಹುಟ್ಟಿದಾರಭ್ಯ ಕಪ್ಲರ್ ಅಂದಿಲ್ಲ, ಅಲ್ವಾ? ‘ಸೊಳ್ಳೆಕಾಲು’ ಅಂತಾರೆ. ನಿದ್ದೇಲಿ ಕನವರಿಸಿದ್ರೂ ಸೊಳ್ಳೆಕಾಲು ಅಂತಲೇ ಕನವರಿಸ್ತಾರೆ. ಛೆ! ಇಷ್ಟೆಲ್ಲ ನೇಯ್ದು ಒಂದು ಪದದಲ್ಲಿ ಮುಗ್ಗರಿಸಿದ್ನಲ್ಲ!

ಏನಾದ್ರೂ ಅನ್ನು ಚಿಕ್ಕಪ್ಪ. ಕತ್ತೆ ಅನ್ನು. ಚಿಮಟ ಯಾಕೆ ಕೆಳಗಿಟ್ಟೆ? ಆ ಪೆಟ್ಟಿಗೆ ಮುಚ್ಚಬೇಡ... ನಿನ್ನ ಕಪ್ಲರುಗಳನ್ನ ಹತ್ತೀಲಿ ಸುತ್ತಿ ಸುತ್ತಿ ಮಲಗಿಸ್ತಿದ್ದೀಯ, ಹೆತ್ತ ಮಕ್ಕಳನ್ನೂ ಯಾರೂ ಹೀಗೆ ಮಲಗಿಸಲ್ಲ. ಜೋಕು ಮಾಡ್ದೆ. ನಗು ಬರ್ಲಿಲ್ವಾ? ಬೇರೆ ಹೇಳ್ಲಾ?

ಸರಿ. ಕಳಿಸಿಲ್ಲ. ಯಾರೂ ಕಳಿಸಿಲ್ಲ. ಕತ್ತರಿಸಿದ್ದೂ ನಾನೇ. ಅಪ್ಪನ ಕಣ್ಣಲ್ಲಿ ನೀರಿರ್ಲಿಲ್ಲ, ಬೆಂಕಿ ಇತ್ತು. ಅಂದ್ರೆ... ಆಗ ಇರ್ಲಿಲ್ಲ, ಆಮೇಲೆ ಬಂತು. ತುಂಡು ಕೊಕ್ಕೆ ಕೈಗೆ ಕೊಟ್ಟ ಮೇಲೆ.

ಹೌದು, ಕೊಟ್ಟೆ. ಮೇಲೆ ಬರೋ ಮುಂಚೇನೇ. ಕೊಟ್ಟು... ಹಾಗೆ ನೋಡಬೇಡ, ಹೇಳ್ತೀನಿ... ಕತ್ತರಿಸಿದ್ದು ನೀನು ಅಂತ ಹೇಳಿ ಬಂದೆ.

ಮತ್ತೇನ್ ಮಾಡ್ಲಿ? ಲಾರಿ ನಾಳೆ ಬರುತ್ತೆ! ನೀನು ಹತ್ತಿಬಿಡ್ತೀಯ, ಅವರು ಕಿಟಕಿ ಹಿಂದೆ ನಿಂತು ‘ನಿಮ್ಮ ಚಿಕ್ಕಪ್ಪನಿಗೆ ಹೋಗಿ ಬಾ ಅಂತ ಹೇಳು’ ಅಂತಾರೆ. ಅದನ್ನೂ ನಾನೇ ಹೊತ್ಕೊಂಡು ಬರಬೇಕಾ? ಹೊರಲ್ಲ. ಆ ಮಾತು ನಾನು ಹೊರಲ್ಲ ಚಿಕ್ಕಪ್ಪ.

ಶ್... ಕೇಳಿಸ್ತಾ? ಚಪ್ಪಲಿ ಸದ್ದು. ಚಿಕ್ಕಮ್ಮಂದಲ್ಲ, ಅವರು ತಾರಸೀಲಿ ಬಟ್ಟೆ ತೆಗೀತಿದ್ದಾರೆ. ಅಪ್ಪ! ನಿನ್ನ ಬಾಗಿಲಿಗೆ ಬರೋ ಮೆಟ್ಟಿಲು ಹತ್ತುತ್ತಿದ್ದಾರೆ! ಆ ಬೋಗಿ ಬಚ್ಚಿಡಬೇಡ, ಕೈಲೇ ಇರ್ಲಿ. ಬೈತಾರೆ, ಬಾಯಿಗೆ ಬಂದ ಹಾಗೆ ಬೈತಾರೆ, ನನ್ನ ಕೈಲಿ ಹೇಳಿಸಿ ಅಲ್ಲ, ನಿನ್ನ ಮುಖಕ್ಕೇ! ನೀನೂ ಬೈ. ಜೋರಾಗಿ ಬೈ.

ಹೋಗು ಚಿಕ್ಕಪ್ಪ... ಬಾಗಿಲು ತೆಗಿ.